ಗೈಡಿನಲ್ಲಿಲ್ಲದ ಮಳೆ

ಕಾದಂಬರಿ ನಡೆಯುವ ಕಾಡು ಮನೆಯ ಹಿಂದೆಯೇ ಇದೆ. ಪುರಾಣದ ಮುನಿ ಊರಿನ ದೇವರು. ಆದರೂ ಸಾಹಿತ್ಯದ ಬಗ್ಗೆ ನಾಲ್ಕು ಪುಟ ಬರೆಯಲು ಕೂತರೆ ಮಲೆನಾಡಿನ ಕಾಲೇಜು ಹುಡುಗ ಹುಡುಗಿಯರ ಪೆನ್ನಿನಿಂದ ಯಾರೋ ಬರೆದುಕೊಟ್ಟ ಮಾತೇ ಇಳಿಯುತ್ತದೆ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಸೀಮೆಯಲ್ಲಿ ಬರೆಯದೆ ಉಳಿದಿರುವ ಪ್ರಬಂಧಗಳತ್ತ ಒಂದು ನೋಟ.

ಆಷಾಢದ ಮಳೆ ಹಿಡಿದರೆ ಕಿಗ್ಗದಲ್ಲಿ ಎಂಟು ಗಂಟೆಯಾದರೂ ಬೆಳಗಾದಂತೆ ಕಾಣುವುದಿಲ್ಲ. ಸಿರಿಮನೆ ಜಲಪಾತದ ಕಡೆಯ ಗುಡ್ಡಗಳು ಮೋಡದೊಳಗೆ ಅಡಗಿರುತ್ತವೆ. ಋಷ್ಯಶೃಂಗೇಶ್ವರ ದೇವಸ್ಥಾನದ ಮಾಡಿನಿಂದ ನೀರು ಒಂದೇ ಸಮನೆ ಧಾರೆಯಾಗಿ ಇಳಿಯುತ್ತಿರುತ್ತದೆ. ಶೃಂಗೇರಿಗೆ ಇಲ್ಲಿಂದ ಸುಮಾರು 10 ಕಿಲೋಮೀಟರ್. ಕಾಲೇಜಿಗೆ ಹೊರಟವರ ಬ್ಯಾಗಿನಲ್ಲಿ ನೋಟ್‌ಬುಕ್ಕುಗಳು ಪ್ಲಾಸ್ಟಿಕ್ ಕೊಟ್ಟೆಯೊಳಗೆ ಭದ್ರ.

ಇಂಟರ್ನಲ್ಸ್ ಹತ್ತಿರ ಬಂದಿದ್ದರೆ, ಬಸ್ಸಿನಲ್ಲಿ ಸೀಟು ಸಿಕ್ಕಿದ ಕೂಡಲೇ ಆ ಕೊಟ್ಟೆಯಿಂದ ಒಂದಷ್ಟು ಜೆರಾಕ್ಸ್ ಹಾಳೆಗಳು ಹೊರಬರುತ್ತವೆ. ‘ಮಲೆಗಳಲ್ಲಿ ಮದುಮಗಳು ಕಾದಂಬರಿಯಲ್ಲಿ ಪ್ರಕೃತಿ ಚಿತ್ರಣ.’ ಹತ್ತು ಅಂಕದ ಪ್ರಶ್ನೆ. ಉತ್ತರವೂ ಸಿದ್ಧ: ಕವಿ ಪ್ರಕೃತಿಯ ಆರಾಧಕರು, ವರ್ಣನೆ ಮನೋಹರ, ಕಾದಂಬರಿ ಓದುಗರನ್ನು ಬೇರೊಂದು ಲೋಕಕ್ಕೆ ಕರೆದೊಯ್ಯುತ್ತದೆ.

ಆ ಸಾಲನ್ನು ಬಾಯಿಪಾಠ ಮಾಡುತ್ತಿರುವ ಹುಡುಗಿ ಕೂತಿರುವುದೇ ಆ ಲೋಕದಲ್ಲಿ. ಕಾಲಿಗೆ ಹತ್ತಿದ ಇಂಬಳವನ್ನು ಕಿತ್ತೆಸೆದು ಬಸ್ಸು ಹತ್ತಿದವಳು ಅವಳು. ಮಳೆಯ ಬಗ್ಗೆ ಅವಳಿಗೆ ಗೊತ್ತಿರುವುದರಲ್ಲಿ ನೂರರ ಒಂದು ಪಾಲೂ ಆ ಹಾಳೆಯಲ್ಲಿಲ್ಲ. ಪರೀಕ್ಷೆಯಲ್ಲಿ ಅವಳು ಬರೆಯುವುದು ಮಾತ್ರ ಹಾಳೆಯಲ್ಲಿರುವುದನ್ನೇ.

ಈ ಮೂರೂ ತಾಲ್ಲೂಕುಗಳ ಪದವಿ ಕಾಲೇಜುಗಳು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತವೆ. ವಿಶ್ವವಿದ್ಯಾಲಯಕ್ಕೆ ಯಾರ ಹೆಸರಿದೆಯೋ ಆ ಕವಿ ಹುಟ್ಟಿದ್ದು ಇದೇ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ, 1904ರ ಡಿಸೆಂಬರ್ 29ರಂದು. ಬೆಳೆದದ್ದು ಪಕ್ಕದ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಕವಿಯ ನೆಲ, ಕವಿಯ ಹೆಸರಿನ ವಿಶ್ವವಿದ್ಯಾಲಯ, ಕವಿಯ ಕಾದಂಬರಿ, ಎಲ್ಲವೂ ಒಂದು ದಿನದ ಬಸ್ ಪ್ರಯಾಣದೊಳಗೆ ಸಿಗುವ ಜಾಗ ಇದು. ಸಾಹಿತ್ಯ ಓದುವ ವಿದ್ಯಾರ್ಥಿಗೆ ಇಂಥ ಅನುಕೂಲ ನಾಡಿನಲ್ಲಿ ಮತ್ತೆಲ್ಲಿದೆ?

ಅಭ್ಯಾಸ ಎಲ್ಲಿ ತಪ್ಪಿತು

ವಿದ್ಯಾರ್ಥಿಗಳನ್ನು ದೂರಿ ಪ್ರಯೋಜನವಿಲ್ಲ. ಸಾಹಿತ್ಯ ಕೃತಿಯೊಂದನ್ನು ಓದಿ ‘ನನಗೆ ಹೀಗನ್ನಿಸಿತು, ಯಾಕೆಂದರೆ ಇಲ್ಲಿ ಹೀಗಿದೆ’ ಎಂದು ಬರೆಯುವುದನ್ನು ಶಾಲೆಯಲ್ಲಿ ಯಾರೂ ಹೇಳಿಕೊಟ್ಟಿರುವುದಿಲ್ಲ. ಹತ್ತನೇ ತರಗತಿಯಲ್ಲಿ ಪಾಠದ ಕೊನೆಯ ಪ್ರಶ್ನೆಗಳಿಗೆ ಉತ್ತರ, ಪಿಯುಸಿಯಲ್ಲಿ ಅದೇ ಇನ್ನಷ್ಟು ಉದ್ದವಾಗಿ. ಪದವಿಗೆ ಬಂದು ಐಚ್ಛಿಕ ಕನ್ನಡವನ್ನೋ ಐಚ್ಛಿಕ ಇಂಗ್ಲಿಷನ್ನೋ ತೆಗೆದುಕೊಂಡ ಮೇಲೆ ಒಮ್ಮೆಲೇ ‘ವಿಮರ್ಶಿಸಿ’, ‘ಚರ್ಚಿಸಿ’, ‘ನಿರೂಪಿಸಿ’ ಎಂಬ ಪ್ರಶ್ನೆಗಳು ಎದುರಾಗುತ್ತವೆ. ಆಗ ಕೈಗೆ ಸಿಗುವುದು ಗೈಡು, ಸೀನಿಯರ್‌ಗಳ ನೋಟ್ಸು, ಜೆರಾಕ್ಸ್ ಅಂಗಡಿ.

ಸಮಯವೂ ಕಡಿಮೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ಬಂತು. 2024-25ಕ್ಕೆ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಎರಡು ಸಲ ಪಠ್ಯ ಬದಲಾಯಿತು, ಪ್ರಶ್ನೆಪತ್ರಿಕೆಯ ಮಾದರಿಯೂ ಬದಲಾಯಿತು. ಸೆಮಿಸ್ಟರಿನ ಕೆಲವೇ ತಿಂಗಳಲ್ಲಿ ಮಲೆನಾಡಿನ ತಾಲ್ಲೂಕುಗಳಿಗೆ ಮಳೆ ರಜೆ ಬೇರೆ. ಸರ್ಕಾರಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಹೊರೆ ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. ಪ್ರತಿಯೊಬ್ಬರ ಅಸೈನ್‌ಮೆಂಟನ್ನೂ ಸಾಲು ಸಾಲಾಗಿ ತಿದ್ದಿ, ಕೂರಿಸಿಕೊಂಡು ಮಾತಾಡುವ ಬಿಡುವು ಅವರಿಗೆ ಯಾರು ಕೊಟ್ಟಿದ್ದಾರೆ?

ಈಗ ಮೊಬೈಲು ಸೇರಿಕೊಂಡಿದೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಗೈಡಿನ ಕೆಲಸ ಇನ್ನೂ ಸಲೀಸಾಗಿದೆ. ಪ್ರಶ್ನೆ ಕೊಟ್ಟರೆ ನಿಮಿಷದಲ್ಲಿ ನಾಲ್ಕು ಪುಟ. ಓದಲು ಸರಾಗ, ತಪ್ಪಿಲ್ಲದ ವಾಕ್ಯ. ಆದರೆ ಅದು ಬರೆದ ‘ಪ್ರಕೃತಿ ಚಿತ್ರಣ’ದಲ್ಲಿ ಕಿಗ್ಗದ ಹುಡುಗಿ ಇರುವುದಿಲ್ಲ. ಅವಳು ಪುಸ್ತಕ ತೆರೆದಾಗ ಯಾವ ಸಾಲಿನಲ್ಲಿ ನಿಂತಳು, ಯಾವ ಪಾತ್ರದ ಮೇಲೆ ಸಿಟ್ಟಾದಳು ಎಂಬುದು ಅಲ್ಲಿ ಬರಲು ಸಾಧ್ಯವಿಲ್ಲ. ಪ್ರಬಂಧ ಶುರುವಾಗಬೇಕಾದದ್ದು ಆ ಜಾಗದಿಂದಲೇ.

‘ಸ್ವಾರಸ್ಯ’ದ ಎರಡು ಅಂಕ

ಹಾಗೆ ನೋಡಿದರೆ ಕನ್ನಡದ ಪ್ರಶ್ನೆಪತ್ರಿಕೆಯಲ್ಲೇ ಒಂದು ಒಳ್ಳೆಯ ಸಾಧನ ಇದೆ. ‘ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ.’ ಕಾವ್ಯದ ಒಂದು ಸಾಲು ಕೊಡುತ್ತಾರೆ. ಅದು ಯಾವ ಕೃತಿಯದು, ಯಾರು ಯಾರಿಗೆ ಯಾವಾಗ ಹೇಳಿದ್ದು ಎಂದು ಮೊದಲು ಬರೆಯಬೇಕು. ಕೊನೆಗೆ ಆ ಮಾತಿನ ಸ್ವಾರಸ್ಯ.

ಮೊದಲೆರಡು ಭಾಗ ನೆನಪಿನ ಕೆಲಸ. ಮೂರನೆಯದು ಓದಿನ ಕೆಲಸ. ಈ ಸಾಲಿನಲ್ಲಿ ಈ ಪದವೇ ಏಕೆ ಬಂತು, ಬೇರೆಯದು ಬಂದಿದ್ದರೆ ಏನಾಗುತ್ತಿತ್ತು, ಹೇಳಿದವನ ಮನಸ್ಸಿನಲ್ಲಿ ಏನಿತ್ತು? ಇಷ್ಟು ಕೇಳಿಕೊಂಡರೆ ವಿಮರ್ಶೆ ಶುರುವಾದ ಹಾಗೆ. ಉತ್ತರ ಪತ್ರಿಕೆಗಳಲ್ಲಿ ಈ ಭಾಗ ಸಾಮಾನ್ಯವಾಗಿ ಒಂದೇ ವಾಕ್ಯದಲ್ಲಿ ಮುಗಿಯುತ್ತದೆ: ‘ಇಲ್ಲಿ ಕವಿಯ ವರ್ಣನೆ ಸ್ವಾರಸ್ಯಪೂರ್ಣವಾಗಿದೆ.’ ಒಂದು ಸಾಲನ್ನು ಹೀಗೆ ಬಿಡಿಸಲು ಕಲಿತ ವಿದ್ಯಾರ್ಥಿಗೆ ಹತ್ತು ಅಂಕದ ಪ್ರಬಂಧ ಕಷ್ಟವಾಗುವುದಿಲ್ಲ. ಏಕೆಂದರೆ ಪ್ರಬಂಧ ಎಂದರೆ ಒಂದು ವಾದ, ಅದಕ್ಕೆ ಆಧಾರವಾಗಿ ನಿಲ್ಲುವ ನಾಲ್ಕೈದು ಸಾಲುಗಳ ಸ್ವಾರಸ್ಯ.

ಬಾಕ್ಸ್: ಕವಿಯ ಹೆಸರಿಲ್ಲದ 13 ಕವನ

*ಕೇಂಬ್ರಿಡ್ಜಿನ ಅಧ್ಯಾಪಕ ಐ.ಎ. ರಿಚರ್ಡ್ಸ್ ತಮ್ಮ ವಿದ್ಯಾರ್ಥಿಗಳ ಕೈಗೆ ಕವಿಯ ಹೆಸರು ಅಳಿಸಿದ ಕವನಗಳನ್ನು ಕೊಟ್ಟು ಅನಿಸಿದ್ದನ್ನು ಬರೆದು ತರಲು ಹೇಳುತ್ತಿದ್ದರು. ಹೆಸರಿನ ಊರುಗೋಲು ಇಲ್ಲದೆ ಓದಿದ ಒಳ್ಳೊಳ್ಳೆಯ ವಿದ್ಯಾರ್ಥಿಗಳೂ ಮುಗ್ಗರಿಸಿದರು. 13 ಕವನಗಳಿಗೆ ಬಂದ ಆ ಬರಹಗಳನ್ನು ವಿಶ್ಲೇಷಿಸಿ 1929ರಲ್ಲಿ ‘ಪ್ರಾಕ್ಟಿಕಲ್ ಕ್ರಿಟಿಸಿಸಂ’ ಪ್ರಕಟಿಸಿದರು.*

*ಅವರ ಶಿಷ್ಯ ವಿಲಿಯಂ ಎಂಪ್ಸನ್ ಗಣಿತ ಓದಲು ಬಂದು ಸಾಹಿತ್ಯಕ್ಕೆ ಹೊರಳಿದವರು. ಗುರುವಿಗೆಂದು ಬರೆಯತೊಡಗಿದ ಪ್ರಬಂಧ ಬೆಳೆದು ‘ಸೆವೆನ್ ಟೈಪ್ಸ್ ಆಫ್ ಆ್ಯಂಬಿಗ್ವಿಟಿ’ ಎಂಬ ಪುಸ್ತಕವಾಯಿತು. 1930ರಲ್ಲಿ ಅದು ಹೊರಬಂದಾಗ ಎಂಪ್ಸನ್‌ಗೆ 24 ವರ್ಷ.*

ಯಾರ ಮೈ ಒದ್ದೆ, ಯಾರದು ಬೆಚ್ಚಗೆ

‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಪ್ರಕಟವಾಯಿತು. ಮೇಗರವಳ್ಳಿ, ಹುಲಿಕಲ್ಲು, ಸಿಂಬಾವಿ, ತುಂಗಾನದಿ. ಕಾದಂಬರಿಯ ಭೂಪಟ ಇಲ್ಲಿಯವರಿಗೆ ಬಸ್ಸಿನ ಬೋರ್ಡಿನಷ್ಟೇ ಪರಿಚಿತ. ಗೊರಬು, ಕಂಬಳಿಕೊಪ್ಪೆ, ಇಂಬಳ ಎಂಬ ಮಾತು ಬಂದರೆ ಬೆಂಗಳೂರಿನ ವಿದ್ಯಾರ್ಥಿ ಪದಕೋಶ ಹುಡುಕಬೇಕು. ಕಿಗ್ಗದವರಿಗೆ ಬೇಕಿಲ್ಲ.

ಹಾಗಾದರೆ ‘ಪ್ರಕೃತಿ ಚಿತ್ರಣ’ದ ಹಳೆಯ ಪ್ರಶ್ನೆಗೆ ಇಲ್ಲಿಯ ವಿದ್ಯಾರ್ಥಿ ಏನು ಬರೆಯಬಹುದು? ಕಾದಂಬರಿ ತೆರೆದು ಮಳೆ ಬರುವ ಪುಟಗಳಿಗೆಲ್ಲ ಗುರುತು ಹಾಕುತ್ತಾ ಹೋಗಲಿ. ಪ್ರತಿ ಪುಟದಲ್ಲೂ ಒಂದೇ ಪ್ರಶ್ನೆ ಕೇಳಲಿ: ಈಗ ಹಾದಿಯಲ್ಲಿ ಇರುವವರು ಯಾರು, ಬೆಂಕಿಯ ಬಳಿ ಕೂತಿರುವವರು ಯಾರು, ಯಾರ ಮೈಮೇಲೆ ಕಂಬಳಿ ಇದೆ? ಕಾದಂಬರಿಯ ಗುತ್ತಿ ಗೇಯ್ಮೆಯವನು. ಒಡೆಯರ ಕಾಗದ ಹಿಡಿದು ಊರೂರು ತಿರುಗುವವನು. ಕಾಡು ಅವನಿಗೆ ರಮ್ಯ ದೃಶ್ಯವಾಗಿ ಒದಗುವುದಿಲ್ಲ, ದಾಟಬೇಕಾದ ಹಾದಿಯಾಗಿ ಒದಗುತ್ತದೆ. ತಾನು ಮದುವೆಯಾಗಬಯಸಿದ ತಿಮ್ಮಿಯನ್ನು ಕರೆದುಕೊಂಡು ಓಡುವಾಗ ಅದೇ ಕಾಡು ಅಡಗುತಾಣ. ಅವನ ನಾಯಿ ಹುಲಿಯ ಕೊನೆಗೆ ತುಂಬಿದ ತುಂಗೆಯ ಪಾಲಾಗುತ್ತದೆ. ನೀರು ಇಲ್ಲಿ ಕಥೆಯ ಅಲಂಕಾರವಾಗಿ ಬಂದದ್ದಲ್ಲ. ಕಥೆಯನ್ನು ನಡೆಸುವವರಲ್ಲಿ ಅದೂ ಒಂದು.

ಈ ದಾರಿಯಲ್ಲಿ ಹೋದ ವಿದ್ಯಾರ್ಥಿ ‘ಪ್ರಕೃತಿ’ಯಿಂದ ಶುರುಮಾಡಿ ಜಾತಿಗೆ, ದುಡಿಮೆಗೆ, ಒಡೆತನಕ್ಕೆ ಬಂದು ಮುಟ್ಟುತ್ತಾರೆ. ಯಾವ ಗೈಡೂ ಇದನ್ನು ಬರೆದುಕೊಡುವುದಿಲ್ಲ. ಅಪ್ಪ ಮಳೆ ಬಿಡುವಿನಲ್ಲಿ ಅಡಕೆ ಮರ ಹತ್ತಿ ಕೊಳೆರೋಗಕ್ಕೆ ಮದ್ದು ಹೊಡೆಯುವುದನ್ನು ನೋಡಿದ ಮಗನಿಗೆ, ತೋಟದ ಕೆಲಸಕ್ಕೆ ಹೋಗುವ ತಾಯಿಯ ಒದ್ದೆ ಸೆರಗು ನೋಡಿದ ಮಗಳಿಗೆ ಈ ಪ್ರಶ್ನೆ ತಾನಾಗಿ ಹೊಳೆಯಬೇಕು.

ಒಂದು ಎಚ್ಚರಿಕೆಯೂ ಬೇಕು. ಊರಿನ ಅನುಭವ ಇದೆ ಎಂದ ಮಾತ್ರಕ್ಕೆ ಅದು ಸಾಹಿತ್ಯದ ಪ್ರಬಂಧವಾಗುವುದಿಲ್ಲ. ಅಜ್ಜನ ಕಾಲದ ಮಳೆಯ ನೆನಪಿನಲ್ಲೇ ನಾಲ್ಕು ಪುಟ ಮುಗಿದರೆ ಅದು ಲಲಿತ ಪ್ರಬಂಧ. ಅದರ ಬೆಲೆ ಬೇರೆ, ಜಾಗವೂ ಬೇರೆ. ಅನುಭವ ಪ್ರಶ್ನೆಯನ್ನು ಹುಟ್ಟಿಸಬೇಕು, ಉತ್ತರ ಮಾತ್ರ ಕೃತಿಯ ಪುಟಗಳಲ್ಲೇ ಸಿಗಬೇಕು. ಕೃತಿಗೆ ಮರಳದ ಮಾತನ್ನು ನಿಷ್ಠುರವಾಗಿ ಹೊಡೆದುಹಾಕುವ ಅಧ್ಯಾಪಕರು ವಿದ್ಯಾರ್ಥಿಗೆ ದೊಡ್ಡ ಉಪಕಾರ ಮಾಡುತ್ತಾರೆ.

ಎಳೆ ಸಣ್ಣದಿದ್ದಷ್ಟೂ ಒಳ್ಳೆಯದು. ಕುವೆಂಪು ಅವರ ವಿಮರ್ಶಾ ಬರಹಗಳಲ್ಲಿ ‘ದ್ರೌಪದಿಯ ಶ್ರೀಮುಡಿ’ ಇದೆ. ಇಡೀ ಭಾರತ ಕಥೆಯಲ್ಲಿ ಅವರು ಹಿಡಿದದ್ದು ಒಂದು ಮುಡಿಯನ್ನು. ‘ಮಹಾಭಾರತದಲ್ಲಿ ಸ್ತ್ರೀ ಪಾತ್ರಗಳು’ ಎಂದು ಹೊರಟಿದ್ದರೆ ಆ ಆಳ ಸಿಗುತ್ತಿರಲಿಲ್ಲ.

ಊರ ದೇವರೇ ಪ್ರಬಂಧದ ವಿಷಯ

ಕಿಗ್ಗದವರಿಗೆ ಮತ್ತೊಂದು ವಿಷಯ ಬಾಗಿಲಲ್ಲೇ ನಿಂತಿದೆ. ಮಳೆ ಬೇಕೆಂದು, ಅತಿಯಾದರೆ ನಿಲ್ಲಲೆಂದು ಜನ ಪ್ರಾರ್ಥಿಸುವುದು ಋಷ್ಯಶೃಂಗನನ್ನು. 2019ರಲ್ಲಿ ರಾಜ್ಯದ ಜಲಸಂಪನ್ಮೂಲ ಸಚಿವರೇ ಇಲ್ಲಿಗೆ ಬಂದು ಮಳೆಗಾಗಿ ಪೂಜೆ ಸಲ್ಲಿಸಿದ್ದರು. ತಂದೆ ವಿಭಾಂಡಕ ಮುನಿ ಶೃಂಗೇರಿಯ ಮಲಹಾನಿಕರೇಶ್ವರನ ಲಿಂಗದಲ್ಲಿ ಐಕ್ಯವಾದರೆಂಬ ನಂಬಿಕೆ ಇದೆ. ಶೃಂಗೇರಿಗೆ ಆ ಹೆಸರು ಬಂದದ್ದೂ ಋಷ್ಯಶೃಂಗಗಿರಿಯಿಂದ ಎನ್ನುತ್ತಾರೆ.

ಕಥೆ ಎಲ್ಲರಿಗೂ ಗೊತ್ತು. ಜಿಂಕೆಯ ಹೊಟ್ಟೆಯಲ್ಲಿ ಹುಟ್ಟಿದ, ತಲೆಯಲ್ಲಿ ಕೊಂಬಿರುವ ಹುಡುಗ. ತಂದೆಯನ್ನು ಬಿಟ್ಟರೆ ಬೇರೆ ಮನುಷ್ಯರನ್ನೇ ಕಂಡವನಲ್ಲ. ಅಂಗರಾಜ್ಯದಲ್ಲಿ ಮಳೆಯಿಲ್ಲ. ಅವನು ಕಾಲಿಟ್ಟರೆ ಮಳೆ ಬರುತ್ತದೆ. ಅವನನ್ನು ಕರೆತರಲು ರಾಜ ಹೆಣ್ಣುಗಳನ್ನು ಕಳಿಸುತ್ತಾನೆ. ಮಳೆ ಸುರಿಯುತ್ತದೆ, ರಾಜಕುಮಾರಿ ಶಾಂತೆಯೊಂದಿಗೆ ಮದುವೆಯಾಗುತ್ತದೆ.

ಗೊತ್ತಿರುವ ಕಥೆಯನ್ನು ಮೂರು ಕಡೆ ಓದಿ ನೋಡಿದರೆ ಪ್ರಬಂಧ ಕಾಣತೊಡಗುತ್ತದೆ.

ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿ ಇದನ್ನು ಸುಮಂತ್ರ ದಶರಥನಿಗೆ ಹೇಳುತ್ತಾನೆ. ಮಕ್ಕಳಿಲ್ಲದ ರಾಜನಿಗೆ ಬೇಕಾದದ್ದು ಯಾಗ ಮಾಡಿಸುವ ಋಷಿ. ಆದ್ದರಿಂದ ಕಥೆ ಆ ಕಡೆಗೇ ಓಡುತ್ತದೆ. ಮೋಹದ ಭಾಗ ಚಿಕ್ಕದು. ಮುಗ್ಧ ಮುನಿ ಸಿಹಿತಿಂಡಿಯನ್ನು ಕಾಡಿನಲ್ಲಿ ಸಿಗದ ಹೊಸ ಹಣ್ಣೆಂದು ತಿಳಿದು ತಿನ್ನುತ್ತಾನೆ.

ಮಹಾಭಾರತದ ವನಪರ್ವದಲ್ಲಿ ಹೇಳುವವನು ಲೋಮಶ, ಕೇಳುವವರು ತೀರ್ಥಯಾತ್ರೆಯಲ್ಲಿರುವ ಪಾಂಡವರು. ಇಲ್ಲಿ ಅವಸರವಿಲ್ಲ. ದೋಣಿಯ ಮೇಲೆ ಆಶ್ರಮವನ್ನೇ ಕಟ್ಟಿ ತೇಲಿಸಿಕೊಂಡು ಬರುತ್ತಾರೆ. ಬಂದವಳು ಚೆಂಡಾಡುತ್ತಾಳೆ, ತಬ್ಬಿಕೊಳ್ಳುತ್ತಾಳೆ, ಹೊರಟುಹೋಗುತ್ತಾಳೆ. ಸಂಜೆ ತಂದೆ ಮನೆಗೆ ಬಂದಾಗ ಮಗ ಅವಳನ್ನು ವರ್ಣಿಸುವ ಭಾಗವಂತೂ ಅದ್ಭುತ. ಹೆಣ್ಣೆಂಬ ಕಲ್ಪನೆಯೇ ಇಲ್ಲದ ಹುಡುಗ ಅವಳನ್ನು ಒಬ್ಬ ಬ್ರಹ್ಮಚಾರಿಯೆಂದು ತಿಳಿದು ಜಡೆ, ಒಡವೆ, ದನಿ, ನಡಿಗೆ ಎಲ್ಲವನ್ನೂ ತಪಸ್ವಿಯ ಭಾಷೆಯಲ್ಲೇ ಬಣ್ಣಿಸುತ್ತಾನೆ. ಅವು ರಾಕ್ಷಸರ ಮಾಯೆ ಎಂದು ತಂದೆ ಎಚ್ಚರಿಸುತ್ತಾನೆ. ಗೊತ್ತಿಲ್ಲದ್ದನ್ನು ಗೊತ್ತಿರುವ ಮಾತಿನಲ್ಲಿ ಹೇಳಲು ಒದ್ದಾಡುವ ಈ ಭಾಗವೊಂದನ್ನೇ ಹಿಡಿದು ನಾಲ್ಕು ಪುಟ ಬರೆಯಬಹುದು.

ಬೌದ್ಧರ ನಳಿನಿಕಾ ಜಾತಕದಲ್ಲಿ ತಿರುವು ಬೇರೆ. ಮುನಿಯ ತಪಸ್ಸಿಗೆ ಅಂಜಿದ ಸಕ್ಕ, ಅಂದರೆ ಇಂದ್ರ, ಮೂರು ವರ್ಷ ಮಳೆ ತಡೆದು, ಆ ಮುನಿಯ ತಪಸ್ಸು ಕೆಡಿಸಿದರೆ ಮಾತ್ರ ಮಳೆ ಎನ್ನುತ್ತಾನೆ. ಹೋಗುವವಳು ಗಣಿಕೆಯಲ್ಲ, ರಾಜನ ಮಗಳು ನಳಿನಿಕೆಯೇ. ಅಲ್ಲಿ ಮಳೆ ತರುವುದು ಮುನಿಯ ಪಾವಿತ್ರ್ಯ, ಇಲ್ಲಿ ಅದೇ ಪಾವಿತ್ರ್ಯ ಮಳೆಗೆ ಅಡ್ಡಿ.

ಈ ಮೂರನ್ನು ಮುಂದಿಟ್ಟುಕೊಂಡ ಕಿಗ್ಗದ ವಿದ್ಯಾರ್ಥಿಯ ಬಳಿ ಕೇಂಬ್ರಿಡ್ಜಿನವರ ಬಳಿ ಇಲ್ಲದ ನಾಲ್ಕನೆಯ ಪಾಠವಿದೆ: ಊರಿನವರು ಹೇಳುವ ಕಥೆ. ಅರ್ಚಕರು ಹೇಳುವುದು, ಅಜ್ಜಿ ಹೇಳುವುದು, ಜಾತ್ರೆಗೆ ಬಂದವರು ಹೇಳುವುದು ಒಂದೇ ಇರಲಾರದು. ಬರೆದುಕೊಳ್ಳಬೇಕು. ಯಾರು ಹೇಳಿದರು, ಯಾವಾಗ ಎಂದು ಗುರುತಿಡಬೇಕು. ಆಮೇಲೆ ಕೇಳಬೇಕು: ಗ್ರಂಥದ ಕಥೆಯಲ್ಲಿ ಮುನಿ ಅಂಗರಾಜ್ಯಕ್ಕೆ ಹೋಗುತ್ತಾನೆ. ಊರಿನ ಕಥೆ ಅವನನ್ನು ಇಲ್ಲಿ ಹೇಗೆ ನೆಲೆಗೊಳಿಸುತ್ತದೆ? ಬರದ ನಾಡಿನ ಕಥೆ ಅತಿವೃಷ್ಟಿಯ ನಾಡಿಗೆ ಬಂದಾಗ ಏನು ಬದಲಾಗುತ್ತದೆ? ಶಾಂತೆಗೆ ಮಾತಾಡಲು ಅವಕಾಶ ಕೊಟ್ಟಿರುವವರು ಯಾರು? ಇಡೀ ಕಥೆ ಅವಳ ಮದುವೆಯಲ್ಲಿ ಮುಗಿಯುತ್ತದೆ. ಅವಳ ಇಷ್ಟವನ್ನು ಕೇಳಿದವರುಂಟೆ ಎಂದು ಒಬ್ಬ ವಿದ್ಯಾರ್ಥಿನಿ ಬರೆದರೆ ಅದೇ ಒಂದು ಹೊಸ ಪ್ರಬಂಧ.

ಆಧುನಿಕ ಕನ್ನಡಕ್ಕೂ ಇಲ್ಲಿಂದ ದಾರಿಯಿದೆ. ಚಂದ್ರಶೇಖರ ಕಂಬಾರರು ‘ಋಷ್ಯಶೃಂಗ’ ಎಂಬ ಹೆಸರಿನಲ್ಲೇ ನಾಟಕ ಬರೆದರು. ಗಿರೀಶ ಕಾರ್ನಾಡರ ‘ಅಗ್ನಿ ಮತ್ತು ಮಳೆ’ ಯವಕ್ರೀತನ ಕಥೆಯಿಂದ ಹುಟ್ಟಿತು. ಅದನ್ನೂ ವನಪರ್ವದಲ್ಲಿ ಹೇಳುವವನು ಅದೇ ಲೋಮಶ. ಒಬ್ಬನೇ ಹೇಳಿದ ಎರಡು ಕಥೆಗಳಿಂದ ನಮ್ಮ ಕಾಲದ ಇಬ್ಬರು ನಾಟಕಕಾರರು ಎರಡು ಬೇರೆ ದಾರಿ ಹಿಡಿದರು. ಎಂ.ಎ. ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ವಿಷಯ ಹುಡುಕುವುದು ಕಷ್ಟ.

ವಾದ ಕಲಿಯಲು ತಾಳಮದ್ದಲೆ

ವಿಷಯ ಸಿಕ್ಕಿದರೂ ವಾದ ಕಟ್ಟುವುದು ಹೇಗೆ? ಮಲೆನಾಡಿನಲ್ಲಿ ಇದಕ್ಕೂ ಹಳೆಯ ಪಾಠಶಾಲೆ ಇದೆ. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮೇಲೆ ತಾಳಮದ್ದಲೆಗಳು ಕಳೆಗಟ್ಟುತ್ತವೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಎದುರುಬದುರು ಕೂತ ಅರ್ಥಧಾರಿಗಳು ಅದಕ್ಕೆ ಅರ್ಥ ಹೇಳುತ್ತಾರೆ.

‘ಕರ್ಣಭೇದನ’ವನ್ನೇ ನೋಡಿ. ಕೃಷ್ಣ ಜನ್ಮರಹಸ್ಯ ತಿಳಿಸಿ ಕರ್ಣನನ್ನು ಸೆಳೆಯಬೇಕು, ಕರ್ಣ ಒಪ್ಪಬಾರದು. ಮುಗಿಯುವುದು ಹೇಗೆಂದು ಸಭೆಗೆ ಗೊತ್ತು. ಜನ ಕೂತಿರುವುದು ಕರ್ಣ ಯಾವ ಕಾರಣ ಕೊಡುತ್ತಾನೆ ಎಂದು ಕೇಳಲಿಕ್ಕೆ. ಪದ್ಯದ ಚೌಕಟ್ಟು ಮೀರುವಂತಿಲ್ಲ, ಎದುರಾಳಿಯ ಮಾತನ್ನು ಪೂರ್ತಿ ಕೇಳದೆ ಉತ್ತರಿಸುವಂತಿಲ್ಲ, ಪುರಾಣದ ಆಧಾರವಿಲ್ಲದೆ ಹೇಳಿದರೆ ಎದುರಿನವರು ಅಲ್ಲೇ ಹಿಡಿಯುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ, ರಾವಣರನ್ನು ಕೇಳಿದವರು ಖಳನೆಂದುಕೊಂಡಿದ್ದ ಪಾತ್ರದ ಬಗ್ಗೆ ಬೇರೆ ರೀತಿ ಯೋಚಿಸಿಕೊಂಡು ಮನೆಗೆ ಹೋಗುತ್ತಿದ್ದರು.

ಸಾಹಿತ್ಯ ಪ್ರಬಂಧಕ್ಕೆ ಬೇಕಾದ ಶಿಸ್ತೂ ಇದೇ. ‘ಕರ್ಣ ದುರಂತ ನಾಯಕ’ ಎಂದು ಮೊದಲ ಸಾಲಿನಲ್ಲೇ ಘೋಷಿಸಿ ಮುಂದೆ ಹೊಗಳುತ್ತಾ ಹೋಗುವ ಉತ್ತರದಲ್ಲಿ ಎದುರಾಳಿಯೇ ಇಲ್ಲ. ದ್ರೌಪದಿಯ ವಸ್ತ್ರಾಪಹರಣದ ಸಭೆಯಲ್ಲಿ ಕರ್ಣ ಆಡಿದ ಮಾತಿಗೆ ಏನು ಹೇಳುತ್ತೀರಿ ಎಂದು ಎದುರಿನ ಅರ್ಥಧಾರಿ ಕೇಳಿಯೇ ಕೇಳುತ್ತಿದ್ದರು. ಆ ಪ್ರಶ್ನೆಯನ್ನು ತಾನೇ ಕೇಳಿಕೊಂಡು, ಉತ್ತರಿಸಿ ಮುಂದೆ ಹೋಗುವ ವಿದ್ಯಾರ್ಥಿಯ ಬರಹದಲ್ಲಿ ಜೀವ ಬರುತ್ತದೆ. ಕಾಲೇಜಿನ ಕನ್ನಡ ವಿಭಾಗ ಮಳೆಗಾಲದಲ್ಲಿ ಒಂದು ತಾಳಮದ್ದಲೆ ಏರ್ಪಡಿಸಿ, ಮರುದಿನ ಅದರ ವಾದವನ್ನೇ ಎರಡು ಪುಟ ಬರೆಯಿಸಿದರೆ ಹತ್ತು ಉಪನ್ಯಾಸಗಳ ಕೆಲಸವಾದೀತು.

ಬಾಕ್ಸ್: ವೈಕುಂಠಪುರದಲ್ಲಿ ದೂರ್ವಾಸಪುರ

*ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ದೂರ್ವಾಸಪುರವೆಂಬ ಮಲೆನಾಡಿನ ಅಗ್ರಹಾರದ ಕಥೆ. ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ, ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ. ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ಚಿತ್ರ ನೋಡಿದ್ದು ಅದಕ್ಕೆ ಪ್ರೇರಣೆಯಾಯಿತು. ಪಟ್ಟಾಭಿರಾಮ ರೆಡ್ಡಿ ನಿರ್ದೇಶನದ ಸಿನಿಮಾ (1970) ಚಿತ್ರೀಕರಣಗೊಂಡದ್ದು ಶೃಂಗೇರಿ ಬಳಿಯ ವೈಕುಂಠಪುರದಲ್ಲಿ. ಪ್ರಾಣೇಶಾಚಾರ್ಯನಾಗಿ ಗಿರೀಶ ಕಾರ್ನಾಡ, ನಾರಣಪ್ಪನಾಗಿ ಪಿ. ಲಂಕೇಶ್, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ. ಸೆನ್ಸಾರ್ ಮಂಡಳಿ ಮೊದಲು ತಡೆದ ಈ ಚಿತ್ರ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡ ಚಿತ್ರವಾಯಿತು.*

‘ಸಂಸ್ಕಾರ’ ಇಂದಿಗೂ ತರಗತಿಗಳಲ್ಲಿ ಬಿಸಿ ಚರ್ಚೆ ಎಬ್ಬಿಸುವ ಕೃತಿ. ಶೃಂಗೇರಿಯಂಥ ಊರಿನಲ್ಲಿ ಅದರ ಬಗ್ಗೆ ಬರೆಯುವುದು ಸುಲಭವಲ್ಲ. ಬರೆಯುವವರ ಮನೆಯಲ್ಲೇ ಅಭಿಪ್ರಾಯಗಳಿರುತ್ತವೆ, ನೋವೂ ಇರುತ್ತದೆ. ಹಾಗೆಂದು ವಿಷಯವನ್ನು ಬದಿಗೆ ಸರಿಸುವುದು ಸರಿಯಲ್ಲ. ಒಪ್ಪದ ವಿದ್ಯಾರ್ಥಿ ಒಪ್ಪುವುದಿಲ್ಲವೆಂದೇ ಬರೆಯಲಿ, ಕಾದಂಬರಿಯ ಯಾವ ಪುಟ ಸುಳ್ಳೆನಿಸಿತು ಎಂದು ತೋರಿಸಲಿ. ಚಂದ್ರಿಯ ಕಡೆಯಿಂದ ಓದುವವರು ಹಾಗೆಯೇ ಓದಲಿ. ಅಧ್ಯಾಪಕರು ಅಂಕ ಕೊಡಬೇಕಾದದ್ದು ನಿಲುವಿಗಲ್ಲ, ಆ ನಿಲುವಿಗೆ ವಿದ್ಯಾರ್ಥಿ ತಲುಪಿದ ದಾರಿಗೆ.

ನರಸಿಂಹರಾಜಪುರದವರಿಗೂ ಇಂಥದೇ ಒಂದು ಬಾಗಿಲಿದೆ. ಅಲ್ಲಿಯ ಸಿಂಹನಗದ್ದೆ ಜೈನ ಬಸದಿಯಲ್ಲಿ ಜ್ವಾಲಾಮಾಲಿನಿಯ ಪೂಜೆ ಇಂದಿಗೂ ನಡೆಯುತ್ತದೆ. ಪಂಪ 941ರಲ್ಲಿ ಮುಗಿಸಿದ ಜೈನ ಕಾವ್ಯ ‘ಆದಿಪುರಾಣ’ದ ನೀಲಾಂಜನೆಯ ನೃತ್ಯ ಬಿ.ಎ. ತರಗತಿಗೆ ಚಿರಪರಿಚಿತ. ಕುಣಿಯುತ್ತಿದ್ದಂತೆಯೇ ಅವಳ ಆಯುಸ್ಸು ಮುಗಿಯುತ್ತದೆ, ಇಂದ್ರ ಕ್ಷಣದಲ್ಲಿ ಮತ್ತೊಬ್ಬಳನ್ನು ನಿಲ್ಲಿಸುತ್ತಾನೆ, ಸಭೆಯಲ್ಲಿ ಅದು ವೃಷಭನಾಥನೊಬ್ಬನ ಕಣ್ಣಿಗೆ ಬೀಳುತ್ತದೆ. ಗೈಡು ಇದನ್ನು ‘ಸಂಸಾರದ ನಶ್ವರತೆ’ ಎಂದು ಮುಗಿಸುತ್ತದೆ. ಬಸದಿಯೊಂದರಲ್ಲಿ ಅರ್ಧ ದಿನ ಕೂತು, ಆ ಧರ್ಮವನ್ನು ಬದುಕುತ್ತಿರುವವರೊಂದಿಗೆ ಮಾತಾಡಿ ಬಂದ ವಿದ್ಯಾರ್ಥಿಗೆ ಆ ಎರಡು ಪದ ಸಾಲದು ಎನ್ನಿಸೀತು.

ಬಾಕ್ಸ್: ಮೊದಲ ಪುಸ್ತಕವೇ ಕಾವ್ಯದ ಬಗ್ಗೆ

*ನಮಗೆ ಸಿಕ್ಕಿರುವ ಕನ್ನಡದ ಅತ್ಯಂತ ಹಳೆಯ ಗ್ರಂಥ ‘ಕವಿರಾಜಮಾರ್ಗ’ ಕಥೆಯೂ ಅಲ್ಲ, ಪುರಾಣವೂ ಅಲ್ಲ. ಕಾವ್ಯ ಹೇಗಿರಬೇಕು, ದೋಷಗಳು ಯಾವುವು ಎಂದು ಚರ್ಚಿಸುವ ಪುಸ್ತಕ. ಕಾಲ ಸುಮಾರು ಕ್ರಿ.ಶ. 850, ರಾಷ್ಟ್ರಕೂಟ ದೊರೆ ನೃಪತುಂಗನ ಆಸ್ಥಾನ. ವಿಶೇಷವಾಗಿ ಓದದಿದ್ದರೂ ಕಾವ್ಯದ ಒಳಹೊರಗು ಬಲ್ಲವರು ಈ ನಾಡಿನ ಜನ ಎಂದು ಅದು ಮೆಚ್ಚಿಕೊಳ್ಳುತ್ತದೆ.*

ಇಂಗ್ಲಿಷ್ ಪತ್ರಿಕೆಯ ಭಯ

ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷ್ ಸಾಹಿತ್ಯ ಓದುವವರ ಕಷ್ಟ ಇನ್ನೊಂದು ಬಗೆಯದು. ಅವರಿಗೆ ಅನಿಸಿಕೆಗಳಿಗೆ ಬರವಿಲ್ಲ, ವಾಕ್ಯಕ್ಕೆ ಬರ. ವ್ಯಾಕರಣ ತಪ್ಪಿದರೆ ನಗುತ್ತಾರೆಂಬ ಅಂಜಿಕೆಯಲ್ಲಿ ಗೈಡಿನ ಸಾಲನ್ನೇ ಇಳಿಸುತ್ತಾರೆ.

1920ರ ದಶಕದಲ್ಲಿ ಮೈಸೂರಿನಲ್ಲಿ ಓದುತ್ತಿದ್ದ ಮಲೆನಾಡಿನ ಯುವಕನೊಬ್ಬ ಇಂಗ್ಲಿಷಿನಲ್ಲೇ ಕವಿತೆ ಬರೆಯುತ್ತಿದ್ದ. 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಎಂಬ ಪುಟ್ಟ ಸಂಕಲನವೂ ಬಂತು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವನ್ನು ನೋಡಿ, ನಿಮ್ಮ ಭಾಷೆಯಲ್ಲಿ ಏನು ಬರೆದಿದ್ದೀರಿ ಎಂದು ಕೇಳಿದರು. ಆ ಯುವಕ ಕುವೆಂಪು. ಕನ್ನಡಕ್ಕೆ ತಿರುಗಿದರು. ಮೈಸೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಶುರುವಾದಾಗ ಅದರ ಮೊದಲ ತಂಡದಲ್ಲಿ ಓದಿ 1929ರಲ್ಲಿ ಮುಗಿಸಿದರು, ಮಹಾರಾಜ ಕಾಲೇಜಿನಲ್ಲೇ ಪಾಠ ಹೇಳಲು ನಿಂತರು. ಇಂಗ್ಲಿಷ್ ಕಾವ್ಯವನ್ನು ಅವರು ಬಿಡಲಿಲ್ಲ. ವರ್ಡ್ಸ್‌ವರ್ತ್, ಮಿಲ್ಟನ್‌ರನ್ನು ಜೀವನವಿಡೀ ಓದಿದರು. ಆ ಓದು ಕನ್ನಡದಲ್ಲಿ ವಿಮರ್ಶೆಯಾಗಿ, ಕಾವ್ಯವಾಗಿ ಹೊರಬಂತು.

ಇಂಗ್ಲಿಷ್ ಪತ್ರಿಕೆಗೆ ಬರೆಯುವವರು ಮೊದಲ ಕರಡನ್ನು ಕನ್ನಡದಲ್ಲಿ ಬರೆದುಕೊಂಡರೆ ತಪ್ಪೇನಿಲ್ಲ. ಯೋಚನೆ ಗಟ್ಟಿಯಾದ ಮೇಲೆ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಿಗೆ ತಂದರಾಯಿತು. ವರ್ಡ್ಸ್‌ವರ್ತ್‌ನ ಬೆಟ್ಟಗಳನ್ನು ಇಲ್ಲಿಯ ನರಸಿಂಹ ಪರ್ವತದ ಪಕ್ಕದಲ್ಲಿಟ್ಟು ನೋಡಿದ ಪುಟ, ತಪ್ಪುಗಳಿದ್ದರೂ ಓದಲು ಯೋಗ್ಯ. ವ್ಯಾಕರಣವನ್ನು ಅಧ್ಯಾಪಕರು ತಿದ್ದಬಲ್ಲರು, ಆ ನೋಟವನ್ನು ಅವರು ಕೊಡಲಾರರು.

ತಿದ್ದಿಸಿಕೊಳ್ಳುವ ಜಾಗ, ಅಚ್ಚಾಗುವ ಜಾಗ

ಬರೆದದ್ದನ್ನು ಒಬ್ಬರು ಓದುತ್ತಾರೆ ಎಂದು ಗೊತ್ತಾದರೆ ಬರವಣಿಗೆ ಬದಲಾಗುತ್ತದೆ. ಕನ್ನಡದ ದೊಡ್ಡ ವಿದ್ವತ್ ಪತ್ರಿಕೆಯೊಂದು ಹುಟ್ಟಿದ್ದು ಕಾಲೇಜಿನ ಸಂಘದಲ್ಲೇ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ 1919ರಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳ ಮುಂದಾಳತ್ವದಲ್ಲಿ ‘ಪ್ರಬುದ್ಧ ಕರ್ನಾಟಕ’ ಹೊರಟಿತು, ಮುಂದೆ ಮೈಸೂರು ವಿಶ್ವವಿದ್ಯಾಲಯದ ಪತ್ರಿಕೆಯಾಯಿತು. ಕೃಷ್ಣಶಾಸ್ತ್ರಿ, ಟಿ.ಎಸ್. ವೆಂಕಣ್ಣಯ್ಯನವರಂಥ ಅಧ್ಯಾಪಕರು ಹುಡುಗರ ಬರಹವನ್ನು ಕೂತು ಓದುತ್ತಿದ್ದರು, ತಿದ್ದುತ್ತಿದ್ದರು. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಅರ್ಪಿಸಿದ್ದು ವೆಂಕಣ್ಣಯ್ಯನವರಿಗೆ.

ಪಕ್ಕದ ಸಾಗರದಲ್ಲೂ ಅಂಥ ಕಾಲವಿತ್ತು. ಗೋಪಾಲಕೃಷ್ಣ ಅಡಿಗರು 1960ರ ದಶಕದಲ್ಲಿ ಅಲ್ಲಿಯ ಲಾಲ್ ಬಹದ್ದೂರ್ ಕಾಲೇಜಿನ ಪ್ರಾಂಶುಪಾಲರಾಗಿದ್ದರು, ‘ಸಾಕ್ಷಿ’ ಪತ್ರಿಕೆಯನ್ನೂ ನಡೆಸುತ್ತಿದ್ದರು. ಅಲ್ಲಿಂದ ಹತ್ತಿರದ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ. ಅದರ ಸಂಸ್ಕೃತಿ ಶಿಬಿರಗಳಲ್ಲಿ ಹಳ್ಳಿಯ ಓದುಗರು, ಕಾಲೇಜಿನ ವಿದ್ಯಾರ್ಥಿಗಳು, ಹೆಸರಾಂತ ವಿಮರ್ಶಕರು ಒಂದೇ ಸಾಲಿನಲ್ಲಿ ಕೂತು ಒಂದು ಕವಿತೆಯ ಬಗ್ಗೆ ವಾದ ಮಾಡುತ್ತಾ ಬಂದಿದ್ದಾರೆ. ಇದೆಲ್ಲ ನಡೆದದ್ದು ಮಲೆನಾಡಿನಲ್ಲೇ, ಇದೇ ಮಳೆಯ ಊರುಗಳಲ್ಲಿ.

ಈಗಲೂ ಕಾಲೇಜುಗಳು ವಾರ್ಷಿಕ ಸಂಚಿಕೆ ತರುತ್ತವೆ. ಕವನಗಳಿರುತ್ತವೆ, ಪ್ರವಾಸದ ಅನುಭವ, ಕ್ರೀಡಾಕೂಟದ ಫೋಟೊಗಳಿರುತ್ತವೆ. ವಿದ್ಯಾರ್ಥಿ ಬರೆದ ವಿಮರ್ಶೆ ಮಾತ್ರ ಅಪರೂಪ. ಅಸೈನ್‌ಮೆಂಟ್ ಹಾಳೆಗಳು ಆಂತರಿಕ ಅಂಕ ಹಾಕಿದ ಮೇಲೆ ಕಪಾಟು ಸೇರಿ, ಕೆಲವು ವರ್ಷಗಳಲ್ಲಿ ರದ್ದಿಗೆ ಹೋಗುತ್ತವೆ. ಅವುಗಳಲ್ಲಿ ಪ್ರತಿ ಸೆಮಿಸ್ಟರಿಗೆ ಐದನ್ನು ಆರಿಸಿ, ಬರೆದವರನ್ನು ಕೂರಿಸಿಕೊಂಡು ಎರಡು ಸಲ ತಿದ್ದಿಸಿ, ಸಂಚಿಕೆಯ ಹತ್ತು ಪುಟ ಅವಕ್ಕೆ ಬಿಟ್ಟುಕೊಟ್ಟರೆ ಕಾಲೇಜಿಗೆ ಹೆಚ್ಚಿನ ಖರ್ಚಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕನ್ನಡ ಮತ್ತು ಇಂಗ್ಲಿಷ್ ವಿಭಾಗಗಳು ಒಟ್ಟಿಗೆ ಕೂತರೆ ಮೂರೂ ಊರಿನ ವಿದ್ಯಾರ್ಥಿಗಳು ಒಬ್ಬರನ್ನೊಬ್ಬರು ಓದುವ ಒಂದು ಸಂಚಿಕೆಯನ್ನೇ ತರಬಹುದು. ಮುಂದಿನ ವರ್ಷ ಬರುವವರಿಗೆ ಜೆರಾಕ್ಸ್ ಹಾಳೆಯ ಬದಲು ತಮ್ಮ ಸೀನಿಯರ್‌ಗಳು ಹೆಸರು ಹಾಕಿ ಬರೆದ ಪ್ರಬಂಧ ಸಿಗುತ್ತದೆ, ಅದನ್ನು ಒಪ್ಪದೆ ಎದುರು ಬರೆಯುವ ಅವಕಾಶವೂ ಸಿಗುತ್ತದೆ.